ಚಳಿಗೆ ಹೆದರಿ ಭಾರ ಎತ್ತುವುದು ಬಿಡಬೇಕೆ?

ಕಮರ್ಷಿಯಲ್ ಸ್ಟ್ರೀಟಿನ ಅಂಗಡಿ ಮೇಲಿನ ತಾರಸಿ ಕೋಣೆಯಲ್ಲಿ ಬೆಳಗಿನ ಜಾವ ಭಾರ ಎತ್ತುವ ನೀವು, ಚಳಿ ಮುಗಿಯುವವರೆಗೆ ನಿಲ್ಲಿಸಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಬೆಂಗಳೂರಿನ ದಾಖಲೆ ಚಳಿ 1884ರ ಜನವರಿಯ 7.8 ಡಿಗ್ರಿ, ಈಗಿನ ಜನವರಿಯ ಮುಂಜಾವು ಸಾಮಾನ್ಯವಾಗಿ 15ರ ಆಸುಪಾಸು. ಅಷ್ಟಕ್ಕೆ ಹೀಟರ್ ಬೇಕಿಲ್ಲ, ಸ್ನಾಯು ಬಿಸಿಯಾದರೆ ಸಾಕು. ಅದರ ತಾಪ ಒಂದು ಡಿಗ್ರಿ ಏರಿದರೆ ರಭಸದ ಕೆಲಸದ ಸಾಮರ್ಥ್ಯ ಶೇ 2ರಿಂದ 5ರಷ್ಟು ಹೆಚ್ಚುವುದನ್ನು ಪ್ರಯೋಗಗಳು ತೋರಿಸಿವೆ. ಸ್ವೆಟರ್ ಹಾಕಿಕೊಂಡರೆ ಸಾಲದೇ ಎನ್ನಬಹುದು. ಅದು ಇರುವ ಶಾಖವನ್ನು ಕಾಪಾಡುತ್ತದೆ, ಹುಟ್ಟಿಸುವುದಿಲ್ಲ. ಗರಡಿಯವರ ಹಾಗೆ ಹತ್ತು ನಿಮಿಷ ಬಸ್ಕಿ ಹೊಡೆಯಿರಿ, ಆಮೇಲೆ ಬರೀ ರಾಡ್ ಎತ್ತಿ, ಪ್ಲೇಟುಗಳನ್ನು ಒಂದೊಂದಾಗಿ ಏರಿಸಿ. ಅಂಗಡಿಗೆ ಹೊತ್ತಾದ ದಿನ ಕೊನೆಯ ಸೆಟ್ ಬಿಡಿ, ಹೀಗೆ ಮೈ ಬಿಸಿ ಮಾಡಿಕೊಳ್ಳುವುದನ್ನು ಬಿಡಬೇಡಿ. ರಾಡಿನ ಮೇಲಿನ ತೇವ ಒರೆಸಿಯೇ ಹಿಡಿಯಿರಿ. ಚಳಿಗೆ ರಕ್ತನಾಳ ಕುಗ್ಗಿ ಒತ್ತಡ ಏರುವುದರಿಂದ, ಬಿಪಿ ಇದ್ದರೆ ಮೊದಲು ವೈದ್ಯರನ್ನು ಕಾಣಿ.