ಗಾಜಿನಾಚೆಯ ಹಕ್ಕಿ ಮಸುಕಾಗುವುದೇಕೆ?

ಪ್ರಶ್ನೆ: ಅಡುಗೆಮನೆ ಕಿಟಕಿಯಾಚೆ ದಾಸವಾಳದ ಗಿಡಕ್ಕೆ ಸೂರಕ್ಕಿ, ಪಿಕಳಾರ ಬರುತ್ತವೆ. ಕಿಟಕಿ ತೆರೆದರೆ ಹಾರಿಹೋಗುತ್ತವೆ. ಗಾಜಿನ ಮೂಲಕ ತೆಗೆದರೆ ಫೋಟೊ ಮಸುಕು, ಮೇಲೆ ನನ್ನದೇ ಪ್ರತಿಬಿಂಬ. ಏನು ಮಾಡಲಿ?
– ಓದುಗರು, ಶಿವಮೊಗ್ಗ

ಉತ್ತರ: ಮೊದಲು ಗಾಜನ್ನು ಒಳಗೂ ಹೊರಗೂ ಒರೆಸಿ, ಸೊಳ್ಳೆಪರದೆ ಸರಿಸಿ. ಕೋಣೆಯ ದೀಪ ಆರಿಸಿ, ಫ್ಲ್ಯಾಶ್ ಬೇಡ. ಕಡುಬಣ್ಣದ ಬಟ್ಟೆ ತೊಡಿ. ಲೆನ್ಸನ್ನು ಗಾಜಿಗೆ ತಾಗುವಷ್ಟು ಹತ್ತಿರ, ನೇರವಾಗಿ ಹಿಡಿಯಿರಿ; ಓರೆಯಾದಷ್ಟೂ ಚಿತ್ರ ಕೆಡುತ್ತದೆ. ಸೂರಕ್ಕಿ ನಿಂತಲ್ಲಿ ನಿಲ್ಲದು. ಶಟರ್ ವೇಗ 1/1000 ಸೆಕೆಂಡ್ ಇರಲಿ, ಬೆಳಕು ಸಾಲದಿದ್ದರೆ ಐಎಸ್ಒ ಏರಿಸಿ.

ಬಣ್ಣದ ಗಾಜಾಗಿದ್ದರೆ, ಹಕ್ಕಿಗಳು ಬರುವ ಮುನ್ನವೇ ಕಿಟಕಿ ತೆರೆದು ಕಪ್ಪು ಬಟ್ಟೆ ಇಳಿಬಿಡಿ. ಅದರ ಸೀಳಿನಿಂದ ಲೆನ್ಸ್ ಮಾತ್ರ ಹೊರಗಿರಲಿ.

ಹೊರಗೆ ತೆಗೆದ ಫೋಟೊಗಳೂ ಮಸುಕಾದರೆ ಲೆನ್ಸಿನೊಳಗೆ ಬೂಷ್ಟು ಹಿಡಿದಿರಬಹುದು. ನೀವೇ ಬಿಚ್ಚದೆ ಕ್ಯಾಮೆರಾ ರಿಪೇರಿಯವರಿಗೆ ತೋರಿಸಿ.

ಗೂಡು ಕಂಡರೆ ಫೋಟೊಗಾಗಿ ಎಲೆ, ಕೊಂಬೆ ಸರಿಸಬೇಡಿ. ಹಕ್ಕಿ ಗಾಜಿಗೆ ಬಡಿದು ಬಿದ್ದರೆ, ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಮುಚ್ಚಿ, ಸದ್ದಿಲ್ಲದ ಕಡೆ ಇಡಿ; ಬಾಯಿಗೆ ನೀರು ಹಾಕಬೇಡಿ. ಒಂದೆರಡು ಗಂಟೆಯಲ್ಲಿ ಚೇತರಿಸದಿದ್ದರೆ, ರೆಕ್ಕೆ ಜೋತಿದ್ದರೆ ತಕ್ಷಣವೇ, ಪಶುವೈದ್ಯರನ್ನು ಕಾಣಿ.