ಮಗಳು ಶಾರ್ಕ್ ನೋಡಲು ಹೊರಟಿದ್ದಾಳೆ

ಪ್ರಶ್ನೆ: ನಮ್ಮದು ಹಾನಗಲ್ಲ ತಾಲ್ಲೂಕಿನ ಹಳ್ಳಿ. ಭತ್ತ, ಗೋವಿನಜೋಳ ಬೆಳೆಯುವ ಮನೆ. ನನ್ನ ತವರು ಸವಣೂರು. ಒಬ್ಬಳೇ ಮಗಳು, 27 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಚಿಕ್ಕವಳಿದ್ದಾಗ ಅವರಪ್ಪನೇ ಸೊಂಟಕ್ಕೆ ಬೆಂಡು ಕಟ್ಟಿ ಬಾವಿಯಲ್ಲಿ ಈಜು ಕಲಿಸಿದ್ದರು. ಎರಡು ವರ್ಷದ ಹಿಂದೆ ಗೆಳತಿಯರ ಜೊತೆ ಮುರ್ಡೇಶ್ವರಕ್ಕೆ ಹೋಗಿ ಸಮುದ್ರದೊಳಗೆ ಇಳಿದು ಬಂದಳು. ಅಲ್ಲಿಂದ ಅದೇ ಹುಚ್ಚು. ಅಂಡಮಾನಿಗೆ ಹೋಗಿ ಸ್ಕೂಬಾ ಸರ್ಟಿಫಿಕೇಟನ್ನೂ ತಂದಳು. ಈಗ ಮಾಲ್ಡೀವ್ಸಿಗೆ ಹೋಗಿ, ಏಳು ರಾತ್ರಿ ಬೋಟಿನಲ್ಲೇ ಮಲಗಿ, ದಿನಕ್ಕೆ ಮೂರು ಸಲ ನೀರಿಗಿಳಿದು ಶಾರ್ಕ್ ನೋಡುತ್ತಾಳಂತೆ. ಎರಡು ಲಕ್ಷದ ಮೇಲೆ ಖರ್ಚು. ದುಡ್ಡು ಅವಳದೇ, ಅದಕ್ಕೆ ನನ್ನ ತಕರಾರಿಲ್ಲ. ಇದುವರೆಗೆ ಎಷ್ಟು ಸಲ ಇಳಿದಿದ್ದೀ ಅಂದರೆ ಹದಿನಾಲ್ಕು ಅನ್ನುತ್ತಾಳೆ.

ಶಿಗ್ಗಾವಿಯಲ್ಲಿರುವ ನನ್ನ ಮೈದುನ, ‘ಮೀನಿನ ಬಾಯಾಗ ಬೀಳಾಕ ಎರಡು ಲಕ್ಷ ಕೊಡತಾರೇನು ವೈನೀ?’ ಅಂತ ಬಯ್ಯುತ್ತಾರೆ. ಹಿರೇಕೆರೂರಿನ ಕಡೆಯ ಒಂದು ಸಂಬಂಧ ಬಂದಿದೆ, ಮಾತುಕತೆ ಬಹುತೇಕ ಮುಗಿದಿದೆ. ಅವರ ಕಿವಿಗೆ ಇದು ಬೀಳದಂತೆ ಮುಚ್ಚಿಡಿ ಅಂತಲೂ ಅವರೇ ಹೇಳುತ್ತಾರೆ. ಮುಟ್ಟಿನ ದಿನ ನೀರಿಗಿಳಿದರೆ ರಕ್ತದ ವಾಸನೆಗೆ ಶಾರ್ಕ್ ಬರುತ್ತದೆ ಅಂತ ಯಾರೋ ಹೇಳಿದ ಮೇಲೆ ನನಗೆ ನಿದ್ದೆಯೇ ಇಲ್ಲ. ಮಗಳನ್ನು ಕೇಳಿದರೆ ‘ಅವ್ವಾ, ನಿನಗ ಅದೆಲ್ಲ ತಿಳಿಯಂಗಿಲ್ಲ ಬಿಡು’ ಅಂತ ಫೋನ್ ಇಡುತ್ತಾಳೆ. ನಾನು ಬೇಡ ಅನ್ನಲೋ, ಹೂಂ ಅನ್ನಲೋ?
– ಒಬ್ಬ ತಾಯಿ, ಹಾನಗಲ್ಲ

ಉತ್ತರ: ಅಕ್ಕಾ, ಮೊದಲು ನೇರ ಉತ್ತರ ಕೊಡುತ್ತೇನೆ. ಬೇಡ ಅನ್ನಬೇಡಿ. ಈ ವರ್ಷವೇ ಹೋಗು ಅಂತಲೂ ಅನ್ನಬೇಡಿ. ‘ಇನ್ನೊಂದು ಸೀಸನ್ ಇಲ್ಲೇ ಪಳಗು, ಆಮೇಲೆ ಹೋಗು’ ಅನ್ನಿ. ಇದು ಇಬ್ಬರನ್ನೂ ಸಮಾಧಾನಪಡಿಸಲು ಹೇಳುವ ಮಾತಲ್ಲ. ನಿಮ್ಮ ಪತ್ರದಲ್ಲಿರುವ ಹದಿನಾಲ್ಕು ಎಂಬ ಸಂಖ್ಯೆಯನ್ನು ನೋಡಿಯೇ ಹೇಳುತ್ತಿದ್ದೇನೆ. ಆದರೆ ಮೊದಲು ನಿಮ್ಮ ನಿದ್ದೆ ಕೆಡಿಸಿರುವ ಶಾರ್ಕಿನ ವಿಷಯ ಮುಗಿಸೋಣ.

ಅಮೆರಿಕದ ಫ್ಲೋರಿಡಾದ ಒಂದು ವಸ್ತುಸಂಗ್ರಹಾಲಯ ಜಗತ್ತಿನಲ್ಲಿ ಎಲ್ಲೇ ಶಾರ್ಕ್ ಮನುಷ್ಯರನ್ನು ಕಚ್ಚಿದರೂ ಲೆಕ್ಕ ಇಡುತ್ತದೆ. 2024ರಲ್ಲಿ, ಮನುಷ್ಯರು ಕೆಣಕದೆ ಶಾರ್ಕ್ ತಾನಾಗಿ ಕಚ್ಚಿದ ಪ್ರಕರಣಗಳು ಇಡೀ ಪ್ರಪಂಚದಲ್ಲಿ 47. ಅವುಗಳಲ್ಲಿ ಸತ್ತವರು ನಾಲ್ವರು. ಇನ್ನೊಂದು ಕಡೆ, ಮನುಷ್ಯರು ವರ್ಷಕ್ಕೆ ಸುಮಾರು ಹತ್ತು ಕೋಟಿ ಶಾರ್ಕ್‌ಗಳನ್ನು ಕೊಲ್ಲುತ್ತಾರೆಂದು ವಿಜ್ಞಾನಿಗಳು 2013ರಲ್ಲಿ ಅಂದಾಜು ಮಾಡಿದ್ದರು. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳ ಸಂಖ್ಯೆ 1970ರಿಂದ ಈಚೆಗೆ ಶೇ. 71ರಷ್ಟು ಕುಸಿದಿದೆ. ಮಾಲ್ಡೀವ್ಸ್ 2010ರಲ್ಲಿ ತನ್ನ ಸಮುದ್ರದಲ್ಲಿ ಶಾರ್ಕ್ ಬೇಟೆಯನ್ನು ಪೂರ್ತಿ ನಿಷೇಧಿಸಿತು. ನಿಮ್ಮ ಮಗಳಂಥವರು ಅಲ್ಲಿಗೇ ಹೋಗುವುದು ಆ ಕಾರಣಕ್ಕೆ. ಬೇರೆ ಕಡೆ ಅಪರೂಪವಾದದ್ದು ಅಲ್ಲಿ ಇನ್ನೂ ಕಾಣಸಿಗುತ್ತದೆ.

ಅಲ್ಲಿ ಹವಳದ ದಿಬ್ಬಗಳ ಬಳಿ ಹೆಚ್ಚಾಗಿ ಕಾಣುವ ಬೂದು ಶಾರ್ಕ್, ಬಿಳಿ ತುದಿಯ ಶಾರ್ಕ್‌ಗಳು ಸಾಮಾನ್ಯವಾಗಿ ಮನುಷ್ಯರಿಂದ ದೂರ ಸರಿಯುವ ಜೀವಿಗಳು. ಎಲ್ಲಕ್ಕಿಂತ ದೊಡ್ಡದಾದ ತಿಮಿಂಗಿಲ ಶಾರ್ಕ್ ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನೂ ಸಣ್ಣ ಮೀನುಗಳನ್ನೂ ತಿಂದು ಬದುಕುತ್ತದೆ. ನಮ್ಮ ದೇಶದಲ್ಲಿ 2001ರಿಂದ ಅದಕ್ಕೆ ಹುಲಿಗೆ ಇರುವಂಥದೇ ಕಾನೂನಿನ ರಕ್ಷಣೆ ಇದೆ. ಗುಜರಾತಿನಲ್ಲಿ ಅದನ್ನು ಎಣ್ಣೆಗಾಗಿ ಕೊಲ್ಲುತ್ತಿದ್ದ ಕಾಲದಲ್ಲಿ ಕಥಾವಾಚಕ ಮೊರಾರಿ ಬಾಪು ಮೀನುಗಾರರಿಗೆ ಒಂದು ಮಾತು ಹೇಳಿದರು: ಈ ಮೀನು ಬಾಣಂತನಕ್ಕೆ ತವರಿಗೆ ಬಂದ ಮಗಳು, ಅವಳನ್ನು ಕೊಲ್ಲುತ್ತೀರಾ? ಆ ಮೇಲೆ ಅಲ್ಲಿನ ಮೀನುಗಾರರು ಬಲೆಗೆ ಸಿಕ್ಕ ನೂರಾರು ತಿಮಿಂಗಿಲ ಶಾರ್ಕ್‌ಗಳನ್ನು ತಮ್ಮ ಬಲೆ ಕತ್ತರಿಸಿ ಬಿಟ್ಟಿದ್ದಾರೆ. ನಿಮ್ಮ ಮೈದುನರಿಗೆ ಈ ಕತೆ ಹೇಳಿ.

ಮುಟ್ಟಿನ ಭಯವನ್ನೂ ಬಿಡಿ. ಮುಟ್ಟಾದ ಹೆಂಗಸರು ಮುಳುಗಿದ್ದರಿಂದ ಶಾರ್ಕ್ ದಾಳಿ ಹೆಚ್ಚುತ್ತದೆ ಎಂಬುದಕ್ಕೆ ಯಾವ ಪುರಾವೆಯೂ ಇಲ್ಲ. ಆ ದಿನಗಳಲ್ಲಿ ಹೊಟ್ಟೆನೋವು, ಸುಸ್ತು ಇದ್ದರೆ ಅವಳು ನೀರಿಗಿಳಿಯದೆ ಇರಲಿ, ಅಷ್ಟೇ.

ಒಂದು ಎಚ್ಚರ ಮಾತ್ರ ಬೇಕು. ಮಾಲ್ಡೀವ್ಸಿನ ದಕ್ಷಿಣ ತುದಿಯ ಫುವಮುಲಾ ದ್ವೀಪದಲ್ಲಿ ಹುಲಿ ಶಾರ್ಕ್‌ಗಳನ್ನು ಮೀನಿನ ತುಣುಕು ಹಾಕಿ ಹತ್ತಿರಕ್ಕೆ ಕರೆಯುತ್ತಾರೆ. ಹುಲಿ ಶಾರ್ಕ್ ದೊಡ್ಡ ಪ್ರಾಣಿ, ಅದರ ಮುಂದೆ ಹೇಗಿರಬೇಕೆಂಬ ಶಿಸ್ತು ಅನುಭವದಿಂದ ಬರುತ್ತದೆ. ಮೊದಲ ಸಲದ ಪ್ರವಾಸದಲ್ಲಿ ಅಂಥ ಜಾಗ ಬೇಡವೆಂದು ಮಗಳಿಗೆ ಹೇಳಿ.

ಈಗ ನಿಜವಾಗಿ ಚಿಂತಿಸಬೇಕಾದ ವಿಷಯಗಳಿಗೆ ಬರುತ್ತೇನೆ. ಮೊದಲನೆಯದು ನೀರಿನೊಳಗಿನ ಅಪಾಯ. ಸಮುದ್ರದಲ್ಲಿ ಮುಳುಗುವವರ ಜೀವಕ್ಕೆ ಸಂಚಕಾರ ತರುವುದು ಹೃದಯದ ತೊಂದರೆ, ಸಿಲಿಂಡರಿನ ಗಾಳಿ ಮುಗಿಯುವುದು, ಗಾಬರಿ, ಅವಸರದಲ್ಲಿ ಮೇಲೆ ಬರುವುದು. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿರುವ ಸಾರಜನಕ ರಕ್ತದಲ್ಲಿ, ಮಾಂಸಖಂಡಗಳಲ್ಲಿ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಮೂಲಕವೇ ಹೊರಹೋಗುತ್ತದೆ. ಒಮ್ಮೆಲೇ ಬಂದರೆ, ಸೋಡಾ ಬಾಟಲಿ ತೆರೆದಾಗ ಆಗುವಂತೆ, ಮೈಯೊಳಗೇ ಗುಳ್ಳೆಗಳಾಗುತ್ತವೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನ ತನಕ ಅದರಿಂದ ಆಗಬಹುದು. ಅದಕ್ಕೇ ಪ್ರತಿಸಲ ಮೇಲೆ ಬರುವಾಗ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವ ರೂಢಿ ಇದೆ. ಅದಕ್ಕೇ ಹಲವು ದಿನ ಮುಳುಗಿದವರು ಕೊನೆಯ ಸಲ ನೀರಿನಿಂದ ಎದ್ದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಮಗಳ ಟಿಕೆಟ್ ನೋಡಿ ಈ ಅಂತರ ಇದೆಯೇ ಎಂದು ನೀವೇ ಲೆಕ್ಕ ಹಾಕಬಹುದು.

ಎರಡನೆಯದು ಬೋಟು. ಏಳು ರಾತ್ರಿ ಮಲಗುವ ಮನೆ ಅದು. 2019ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಬಳಿ ಕನ್ಸೆಪ್ಶನ್ ಎಂಬ ಇಂಥದೇ ಬೋಟಿಗೆ ರಾತ್ರಿ ಬೆಂಕಿ ಬಿದ್ದು, ಕೆಳಗಿನ ಕೋಣೆಯಲ್ಲಿ ಮಲಗಿದ್ದ 34 ಜನ ಸತ್ತರು. ರಾತ್ರಿ ಸುತ್ತು ಹಾಕಿ ಕಾವಲು ಕಾಯುವವರು ಯಾರೂ ಇರಲಿಲ್ಲವೆಂದು ತನಿಖೆ ಹೇಳಿತು. 2024ರ ನವೆಂಬರಿನಲ್ಲಿ ಈಜಿಪ್ಟಿನ ಕೆಂಪು ಸಮುದ್ರದಲ್ಲಿ ಸೀ ಸ್ಟೋರಿ ಎಂಬ ಬೋಟು ಬೆಳಗಿನ ಜಾವ ಮಗುಚಿ ಹಲವರು ಪ್ರಾಣ ಕಳೆದುಕೊಂಡರು. ಈ ಎರಡೂ ಕಡೆ ಶಾರ್ಕಿನ ಪಾತ್ರವೇ ಇಲ್ಲ. ಆದ್ದರಿಂದ ನಿಮ್ಮ ಮಗಳು ದುಡ್ಡು ಕಟ್ಟುವ ಮುನ್ನ ಈ ಮಾತುಗಳನ್ನು ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯಲಿ: ರಾತ್ರಿಯಿಡೀ ಎಚ್ಚರ ಇರುವ ಕಾವಲುಗಾರ ಇದ್ದಾನೆಯೇ? ಮಲಗುವ ಕೋಣೆಯಿಂದ ಹೊರಬರಲು ಎರಡು ದಾರಿ ಇವೆಯೇ? ಫೋನ್, ಕ್ಯಾಮೆರಾ ಬ್ಯಾಟರಿಗಳನ್ನು ಎಲ್ಲಿ ಚಾರ್ಜ್ ಮಾಡುತ್ತಾರೆ? ಆಮ್ಲಜನಕ ಇದೆಯೇ? ಮೈಯೊಳಗೆ ಗುಳ್ಳೆಗಳಾದವರಿಗೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆಯಿರುವ ಆಸ್ಪತ್ರೆ ಎಷ್ಟು ಗಂಟೆಯ ದಾರಿ? ಸಾಮಾನ್ಯ ಪ್ರವಾಸ ವಿಮೆಯಲ್ಲಿ ಬಹಳಷ್ಟು ಸಲ ಸ್ಕೂಬಾ ಸೇರಿರುವುದಿಲ್ಲ ಎನ್ನುವುದು ಹಲವರಿಗೆ ಅಪಘಾತವಾದ ಮೇಲೇ ತಿಳಿಯುತ್ತದೆ. ಅದಕ್ಕೆ ಪ್ರತ್ಯೇಕ ವಿಮೆ ಮಾಡಿಸಲಿ.

ಮೂರನೆಯದು ಅವಳ ಅನುಭವ. ಮೊದಲ ಹಂತದ ಸರ್ಟಿಫಿಕೇಟ್ 18 ಮೀಟರ್ ತನಕ ಇಳಿಯಲು ಮಾತ್ರ. ಮಾಲ್ಡೀವ್ಸಿನಲ್ಲಿ ಶಾರ್ಕ್‌ಗಳು ಗುಂಪಾಗಿ ಸಿಗುವುದು ಹವಳದ್ವೀಪಗಳ ನಡುವೆ ಸಮುದ್ರ ಒಳನುಗ್ಗುವ ಕಾಲುವೆಗಳ ಬಾಯಲ್ಲಿ. ಅದು ಹೆಚ್ಚಾಗಿ 25–30 ಮೀಟರ್ ಆಳ. ಸೆಳವು ಎಷ್ಟಿರುತ್ತದೆ ಎಂದರೆ ಬಂಡೆಗೆ ಕೊಕ್ಕೆ ಸಿಕ್ಕಿಸಿಕೊಂಡು ನಿಲ್ಲಬೇಕಾಗುತ್ತದೆ. ಇದಕ್ಕೆ ಮುಂದಿನ ಹಂತದ ತರಬೇತಿ ಬೇಕು. ಅನೇಕ ಬೋಟುಗಳವರು ಕನಿಷ್ಠ 50 ಸಲ ಮುಳುಗಿದ ದಾಖಲೆ ಕೇಳುತ್ತಾರೆ. ಹದಿನಾಲ್ಕು ಇದ್ದರೂ ಕರೆದೊಯ್ಯುತ್ತೇವೆ ಅನ್ನುವವರು ಸಿಗುತ್ತಾರೆ, ಅವರನ್ನು ನಂಬಬೇಡಿ. ಹೊಸಬರು ಗಾಳಿಯನ್ನು ಬೇಗ ಮುಗಿಸುತ್ತಾರೆ, ಸೆಳವಿನಲ್ಲಿ ಮತ್ತೂ ಬೇಗ ಮುಗಿಸುತ್ತಾರೆ. ಉಸಿರು ಹದಕ್ಕೆ ಬರುವುದು ಮತ್ತೆ ಮತ್ತೆ ನೀರಿಗಿಳಿದಾಗ ಮಾತ್ರ.

ಆ ಹದ ಕಲಿಯಲು ನೇತ್ರಾಣಿ ಇದೆ. ಮುರ್ಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದ ದ್ವೀಪ. ಪುನೀತ್ ರಾಜ್‌ಕುಮಾರ್ ಅವರು ‘ಗಂಧದ ಗುಡಿ’ ಚಿತ್ರಕ್ಕಾಗಿ ಮುಳುಗಿದ್ದು ಅಲ್ಲಿಯೇ. ಮಳೆಗಾಲ ಮುಗಿದು ಅಕ್ಟೋಬರಿನಿಂದ ಮೇ ತಿಂಗಳ ತನಕ ಅಲ್ಲಿ ಸೀಸನ್. ಅಲ್ಲಿಯೂ ಕಪ್ಪು ತುದಿಯ ರೀಫ್ ಶಾರ್ಕ್ ಆಗಾಗ ಕಾಣುತ್ತದೆ, ಅದೃಷ್ಟವಿದ್ದವರಿಗೆ ತಿಮಿಂಗಿಲ ಶಾರ್ಕ್ ಕೂಡ. ಹಾನಗಲ್ಲಿನಿಂದ ಶಿರಸಿಯ ಮೇಲೆ ಘಟ್ಟ ಇಳಿದರೆ ಆಯಿತು. ಅಕ್ಕಾ, ಈ ಸೀಸನ್ನಿನಲ್ಲಿ ಒಮ್ಮೆ ಮಗಳ ಜೊತೆ ನೀವೂ ಹೋಗಿ. ಯಜಮಾನರನ್ನೂ ಮೈದುನರನ್ನೂ ಕರೆದುಕೊಂಡು ಹೋಗಿ. ಬೋಟಿನಲ್ಲಿ ಕೂತು, ಅವಳು ಸಲಕರಣೆ ಪರೀಕ್ಷಿಸಿಕೊಳ್ಳುವುದನ್ನು, ಜೊತೆಗೆ ಮುಳುಗುವ ಜೋಡಿಯವರ ಸಿಲಿಂಡರ್ ನೋಡಿಕೊಡುವುದನ್ನು, ಹೇಳಿದ ಹೊತ್ತಿಗೆ ಮೇಲೆ ಬರುವುದನ್ನು ಕಣ್ಣಾರೆ ನೋಡಿ. ಅದೇ ಮುರ್ಡೇಶ್ವರದ ದಡದಲ್ಲಿ 2024ರ ಡಿಸೆಂಬರಿನಲ್ಲಿ, ಕೋಲಾರ ಜಿಲ್ಲೆಯ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಹುಡುಗಿಯರು ಅಲೆಗೆ ಸಿಕ್ಕಿ ತೀರಿಹೋದರು. ಸಮುದ್ರ ದಡದಲ್ಲೂ ಸಮುದ್ರವೇ. ಅದರ ಮುಂದೆ ನಿಲ್ಲುವವರಿಗೆ ಈಜು, ತರಬೇತಿ, ಕಾಯುವ ಕಣ್ಣು ಮೂರೂ ಬೇಕು. ಬಾವಿಯಲ್ಲಿ ಈಜು ಕಲಿಸಿ ನಿಮ್ಮ ಯಜಮಾನರು ಮಗಳಿಗೆ ಮೊದಲನೆಯದನ್ನು ಕೊಟ್ಟಿದ್ದಾರೆ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಅದೂ ಸಿಗುವುದಿಲ್ಲ.

‘ನಿನಗ ತಿಳಿಯಂಗಿಲ್ಲ’ ಅಂದಳಲ್ಲ, ನಿಮಗೆ ಮಾತ್ರ ತಿಳಿದ ಒಂದು ವಿಷಯ ಇದೆ. ಮುಳುಗುವವರು ಒಂದು ಆರೋಗ್ಯದ ಫಾರ್ಮ್ ತುಂಬಬೇಕು. ದಮ್ಮು ಇತ್ತೇ, ಫಿಟ್ಸ್ ಬಂದಿತ್ತೇ, ಕಿವಿಯ ತೊಂದರೆ ಇತ್ತೇ, ಹೃದಯದ ತೊಂದರೆ ಇದೆಯೇ ಎಂದು ಅದರಲ್ಲಿ ಕೇಳುತ್ತಾರೆ. ವಯಸ್ಸಿನ ಮಕ್ಕಳು ಎಲ್ಲಕ್ಕೂ ‘ಇಲ್ಲ’ ಎಂದು ಬರೆದು ಸಹಿ ಹಾಕುತ್ತಾರೆ. ಎರಡನೇ ವಯಸ್ಸಿನಲ್ಲಿ ರಾತ್ರಿಯಿಡೀ ಗೊರಗೊರ ಅಂದದ್ದು, ನಾಲ್ಕನೇ ವಯಸ್ಸಿನಲ್ಲಿ ಕಿವಿ ಸೋರಿದ್ದು ಅವರಿಗೆ ನೆನಪಿರುವುದಿಲ್ಲ, ಅವ್ವನಿಗೆ ಇರುತ್ತದೆ. ಆ ಫಾರ್ಮನ್ನು ಮಗಳ ಜೊತೆ ಕೂತು ತುಂಬಿ. ಏನಾದರೂ ಇದ್ದರೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕಿವಿ–ಮೂಗು–ಗಂಟಲಿನ ಡಾಕ್ಟರಿಗೆ, ಎದೆಯ ಡಾಕ್ಟರಿಗೆ ತೋರಿಸಿ ಒಪ್ಪಿಗೆ ಪಡೆಯಲಿ. ಇಡೀ ವಿಷಯದಲ್ಲಿ ಮಗಳ ಜೀವಕ್ಕೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ನಿಮ್ಮ ಈ ನೆನಪೇ.

ಹಿರೇಕೆರೂರಿನವರ ವಿಷಯದಲ್ಲಿ ಮೈದುನರ ಮಾತು ಕೇಳಬೇಡಿ. ಮುಚ್ಚಿಡಬೇಡಿ. ಮೊದಲು ಮಗಳೇ ಹುಡುಗನಿಗೆ ಹೇಳಲಿ, ಆಮೇಲೆ ನೀವು ಹಿರಿಯರಿಗೆ ಹೇಳಿ. ಏನು ಹಾಕಿಕೊಳ್ಳುತ್ತಾಳೆ ಎಂದು ಕೇಳಿದರೆ, ಮುಳುಗುವ ಸೂಟು ಸಾಮಾನ್ಯವಾಗಿ ಕುತ್ತಿಗೆಯಿಂದ ಹಿಮ್ಮಡಿಯ ತನಕ ಮುಚ್ಚುತ್ತದೆ ಎನ್ನಿ. ಯಾರ ಜೊತೆ ಇರುತ್ತಾಳೆ ಎಂದರೆ, ಬೋಟಿನಲ್ಲಿ ಗಂಡಸರು ಹೆಂಗಸರು ಇಬ್ಬರೂ ಇರುತ್ತಾರೆ, ಕೋಣೆಯಲ್ಲಿ ಜೊತೆಗೆ ಹೆಂಗಸೇ ಬೇಕೆಂದು ಮೊದಲೇ ಬರೆಸಿರುತ್ತೇವೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಹುಡುಗ ‘ನಾನೂ ಕಲಿಯುತ್ತೇನೆ’ ಅನ್ನಬಹುದು. ‘ಇಂಥದ್ದೆಲ್ಲ ನಮ್ಮ ಮನೆಗೆ ಆಗದು’ ಎಂದೂ ಅನ್ನಬಹುದು. ಅಂದರೆ ಆ ಮಾತು ನಿಶ್ಚಿತಾರ್ಥಕ್ಕೆ ಮೊದಲೇ ಹೊರಬರಲಿ. ಮಗಳು ತನಗೆ ಪ್ರಾಣವಾದದ್ದನ್ನು ಗಂಡನ ಮನೆಯಲ್ಲಿ ಜೀವನವಿಡೀ ಅಡಗಿಸಿಕೊಂಡು ಬದುಕುವುದು ಸಮುದ್ರಕ್ಕಿಂತ ದೊಡ್ಡ ಅಪಾಯ. ಸಂಬಂಧ ತಪ್ಪಿದರೆ ಇನ್ನೊಂದು ಬರುತ್ತದೆ.

ಇವತ್ತು ರಾತ್ರಿ ಫೋನ್ ಮಾಡಿ. ‘ಹೋಗಬ್ಯಾಡ’ ಅಂತ ಶುರು ಮಾಡಬೇಡಿ. ‘ಎಷ್ಟು ಆಳಕ್ಕ ಇಳಿತಿ? ನಿನ್ನ ಜೋಡಿ ಯಾರು? ಗಾಳಿ ಎಷ್ಟು ಉಳಿದಾಗ ಮ್ಯಾಲ ಬರ್ತಿ?’ ಎಂದು ಕೇಳಿ. ಅವಳು ಉತ್ತರ ಕೊಟ್ಟರೆ ನಿಮ್ಮ ಎದೆಯ ಭಾರ ಅರ್ಧ ಇಳಿಯುತ್ತದೆ. ತಡವರಿಸಿದರೆ, ಇನ್ನೂ ಕಲಿಯುವುದಿದೆ ಎಂದು ಅವಳಿಗೇ ಗೊತ್ತಾಗುತ್ತದೆ. ಆಮೇಲೆ ಈ ಸೀಸನ್ನಿನ ನೇತ್ರಾಣಿಯ ತಾರೀಖುಗಳನ್ನು ಇಬ್ಬರೂ ಕೂತು ಗೊತ್ತು ಮಾಡಿಕೊಳ್ಳಿ. ಮಾಲ್ಡೀವ್ಸ್ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಅಷ್ಟರಲ್ಲಿ ಅವಳು ತಯಾರಾದಳೆಂದು ಕಂಡರೆ, ಮನಸ್ಸು ತುಂಬಿ ಹರಸಿ ಕಳಿಸಿ.