ಸ್ನಾನದ ಮನೆಯ ಕದದ ಹೊರಗೆ ನಿಂತ ತಾಯಿಗೆ

ಪ್ರಶ್ನೆ: ಕ್ರಿಸ್‌ಮಸ್ ರಜೆಗೆ ಅತ್ತೆಯೂ ಸೇರಿ ಮನೆಮಂದಿಯೆಲ್ಲ ಚಿಕ್ಕಮಗಳೂರಿನ ಕಡೆ ಒಂದು ಹೋಂಸ್ಟೇಗೆ ಹೋಗಿದ್ದೆವು. ಬೆಳಿಗ್ಗೆ ವಿಪರೀತ ಚಳಿ. ಒಬ್ಬರಾದ ಮೇಲೊಬ್ಬರು ಸ್ನಾನ ಮುಗಿಸಿದೆವು. ಕೊನೆಗೆ ಹೋದವಳು ಮಗಳು, ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ‘ಚಳಿ ಬರುತ್ತೆ, ಕಿಟಕಿ ಮುಚ್ಕೋ’ ಎಂದು ನಾನೇ ಹೇಳಿದ್ದೆ. ಸ್ವಲ್ಪ ಹೊತ್ತಿಗೆ ಏನೋ ಬಿದ್ದ ಸದ್ದಾಯಿತು. ಕರೆದರೆ ಉತ್ತರವಿಲ್ಲ. ನನ್ನ ಗಂಡ ಚಿಲಕ ಮುರಿದು ಒಳಗೆ ಹೋದರೆ ನೆಲದ ಮೇಲೆ ಬಿದ್ದಿದ್ದಳು, ಕೈಕಾಲು ಅದುರುತ್ತಿದ್ದವು. ಎತ್ತಿಕೊಂಡು ಅಂಗಳಕ್ಕೆ ತಂದ ಮೇಲೆ ಕಣ್ಣು ಬಿಟ್ಟಳು, ವಾಂತಿ ಮಾಡಿಕೊಂಡಳು. ಹತ್ತಿರದ ಕ್ಲಿನಿಕ್ಕಿನಲ್ಲಿ ಬೆರಳಿಗೆ ಕ್ಲಿಪ್ ಹಾಕಿ, ಆಕ್ಸಿಜನ್ 98 ಇದೆ, ಗಾಬರಿ ಬೇಡ ಅಂದರು. ಊರಿಗೆ ಬಂದ ಮೇಲೆ ಬೇರೆ ಡಾಕ್ಟರಿಗೆ ತೋರಿಸಿದೆವು. ಫಿಟ್ಸ್ ಇರಬಹುದು ಎಂದು ಮಾತ್ರೆ ಬರೆದುಕೊಟ್ಟರು.

ಅಂದಿನಿಂದ ನನಗೆ ನಿದ್ದೆಯಿಲ್ಲ. ಅವಳು ಸ್ನಾನಕ್ಕೆ ಹೋದರೆ ಕದದ ಹೊರಗೆ ನಿಂತು ಮಾತಾಡಿಸುತ್ತಲೇ ಇರುತ್ತೇನೆ, ಚಿಲಕ ಹಾಕಲು ಬಿಡುವುದಿಲ್ಲ. ರಾತ್ರಿ ಎದ್ದು ಉಸಿರಾಡುತ್ತಿದ್ದಾಳಾ ಎಂದು ನೋಡುತ್ತೇನೆ. ಅವಳಿಗೆ ನನ್ನ ಮೇಲೆ ಸಿಟ್ಟು. ‘ಫಿಟ್ಸ್ ಅಂತ ಯಾರಿಗೂ ಹೇಳಬೇಡಿ, ನಾಳೆ ಮದುವೆ ಆಗಬೇಕಾದ ಹುಡುಗಿ’ ಎನ್ನುತ್ತಾರೆ ಅತ್ತೆ. ಗಂಡ ಈ ಮಾತು ಬಂದರೆ ಎದ್ದು ಹೋಗುತ್ತಾರೆ. ಪರೀಕ್ಷೆ ಹತ್ತಿರ ಬಂತು. ತಲೆನೋವು, ಓದಿದ್ದು ನಿಲ್ಲುತ್ತಿಲ್ಲ ಎನ್ನುತ್ತಾಳೆ ಮಗಳು. ಅಂದ ಹಾಗೆ, ಅಲ್ಲಿ ಬಚ್ಚಲಿನಲ್ಲಿದ್ದದ್ದು ನಮ್ಮ ಮನೆಯಲ್ಲಿರುವಂಥದೇ ಗ್ಯಾಸ್ ಗೀಸರ್. ಗ್ಯಾಸ್ ವಾಸನೆಯೇನೂ ಬಂದಿರಲಿಲ್ಲ. ನಾನೇನು ಮಾಡಲಿ?

— ಹೆಸರು ಬೇಡ, ಹಾಸನ

ಉತ್ತರ: ನೀವು ‘ಅಂದ ಹಾಗೆ’ ಎಂದು ಕೊನೆಗೆ ಬರೆದ ಮಾತಿನಿಂದಲೇ ನಾನು ಶುರುಮಾಡಬೇಕು. ಇದನ್ನು ಓದಿದ ಗಳಿಗೆಯಿಂದ ನಿಮ್ಮ ಮನೆಯ ಬಚ್ಚಲಿನ ಗ್ಯಾಸ್ ಗೀಸರ್ ಹಚ್ಚಬೇಡಿ. ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಉಳಿದ ಮಾತು ಆಮೇಲೆ.

ನಾನು ಆಪ್ತಸಮಾಲೋಚಕಿ, ರೋಗ ಇಂಥದ್ದೇ ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ನೀವು ಬರೆದಿರುವ ವಿವರಗಳೆಲ್ಲ ಒಂದೇ ಕಡೆಗೆ ಬೊಟ್ಟು ಮಾಡುತ್ತಿವೆ. ಗ್ಯಾಸ್ ಗೀಸರ್ ಉರಿಯಲು ಗಾಳಿ ಬೇಕು. ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಆ ಗಾಳಿಯನ್ನು ಅದು ಬೇಗ ತಿಂದುಹಾಕುತ್ತದೆ. ಆಕ್ಸಿಜನ್ ಸಾಲದೆ ಉರಿ ಅರೆಬರೆಯಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ನಮಗೆ ಗೊತ್ತಾಗಲೆಂದು ಅಡುಗೆ ಅನಿಲಕ್ಕೆ ವಾಸನೆ ಬೆರೆಸಿರುತ್ತಾರೆ. ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಅಂಥ ಯಾವ ಗುರುತೂ ಇಲ್ಲ. ಹಾಗಾಗಿ ವಾಸನೆ ಬರಲಿಲ್ಲ ಎಂಬುದು ಯಾವ ಧೈರ್ಯವನ್ನೂ ಕೊಡುವುದಿಲ್ಲ.

ಚಳಿಗಾಲದಲ್ಲಿ, ಅದರಲ್ಲೂ ಮನೆತುಂಬ ಜನರಿರುವ ರಜೆಯ ಬೆಳಗಿನಲ್ಲಿ, ಅಪಾಯ ಹೆಚ್ಚು. ನೀರು ತಣ್ಣಗಿರುವುದರಿಂದ ಬರ್ನರ್ ಹೆಚ್ಚು ಹೊತ್ತು ಉರಿಯುತ್ತದೆ, ಕಿಟಕಿ ಮುಚ್ಚಿರುತ್ತದೆ, ಸ್ನಾನಗಳು ಒಂದರ ಹಿಂದೊಂದು ನಡೆಯುತ್ತವೆ. ಮೊದಲು ಹೋದವರಿಗೆ ಏನೂ ಆಗದೆ ಕೊನೆಗೆ ಹೋದವರು ಕುಸಿಯುವುದು ಹೀಗೆ. ಮಲೆನಾಡಿನ ಹಳೆಯ ಬಚ್ಚಲುಮನೆಯಲ್ಲಿ ಹಂಡೆಯ ಒಲೆ ಹೊಗೆ ಕಾರುತ್ತಿದ್ದರೂ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಈಗಿನ ಟೈಲ್ಸಿನ ಬಚ್ಚಲಿಗೆ ಆ ಸಂದಿಗಳಿಲ್ಲ.

ಬೆರಳಿನ ಕ್ಲಿಪ್ಪು 98 ತೋರಿಸಿತಲ್ಲ, ಅದರ ಬಗ್ಗೆಯೂ ನಿಮಗೆ ತಿಳಿದಿರಲಿ. ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸಾಮಾನ್ಯ ಪಲ್ಸ್ ಆಕ್ಸಿಮೀಟರಿಗೆ ಅಂಟಿಕೊಂಡದ್ದು ಯಾವುದು ಎಂಬ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಳಗೆ ಆಕ್ಸಿಜನ್ ಇಲ್ಲದಿದ್ದರೂ ಅದು ಚೆನ್ನಾಗಿದೆ ಎಂದೇ ತೋರಿಸಬಹುದು. ನಿಜ ತಿಳಿಯಲು ಬೇರೆಯೇ ರಕ್ತಪರೀಕ್ಷೆ ಬೇಕು, ಅದೂ ಕೂಡಲೇ. ತೆರೆದ ಗಾಳಿಯಲ್ಲಿ ನಾಲ್ಕೈದು ಗಂಟೆಗೆ ವಿಷದ ಪ್ರಮಾಣ ಅರ್ಧಕ್ಕೆ ಇಳಿಯುತ್ತ ಹೋಗುವುದರಿಂದ ಈಗ ಪರೀಕ್ಷೆ ಮಾಡಿಸಿದರೆ ಏನೂ ಸಿಗದು. ಅಂದಿನ ಸಂಗತಿಗೆ ಉಳಿದಿರುವ ಸಾಕ್ಷಿ ನೀವು ಹೇಳುವ ಕಥೆಯೊಂದೇ.

ಆ ಕಥೆಯನ್ನು ಒಬ್ಬ ನರರೋಗ ತಜ್ಞರಿಗೆ ಪೂರ್ತಿಯಾಗಿ ಹೇಳಿ, ಈ ವಾರದಲ್ಲೇ. ಗ್ಯಾಸ್ ಗೀಸರ್ ಇತ್ತು, ಕಿಟಕಿ ಮುಚ್ಚಿತ್ತು, ಕೊನೆಯವಳಾಗಿ ಹೋದಳು, ಅಂಗಳಕ್ಕೆ ತಂದ ಮೇಲೆ ಎಚ್ಚರವಾಯಿತು. ಈ ವಿಷಯಗಳು ಹಿಂದಿನ ಡಾಕ್ಟರ ಕಿವಿಗೆ ಬಿದ್ದಿದ್ದವೇ? ಬಿದ್ದಿರಲಿಕ್ಕಿಲ್ಲ. ಗ್ಯಾಸ್ ಗೀಸರಿನಿಂದ ಬಂದ ಸೆಳವನ್ನು ಮೂರ್ಛೆರೋಗವೆಂದು ತಪ್ಪು ತಿಳಿಯುವ ಸಾಧ್ಯತೆಯ ಬಗ್ಗೆ ನಮ್ಮ ದೇಶದ ನರತಜ್ಞರೇ ಬರೆದಿದ್ದಾರೆ. ಹಾಗೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬೇಕೋ ಬೇಡವೋ, ಬೇಕಾದರೆ ಎಷ್ಟು ದಿನ ಎಂಬುದನ್ನು ಅವರು ಹೇಳಲಿ. ತಲೆನೋವು, ಓದಿದ್ದು ನಿಲ್ಲದಿರುವುದು, ಸಿಟ್ಟು ಇವನ್ನೂ ಬಿಡದೆ ಹೇಳಿ. ಈ ವಿಷದ ಪರಿಣಾಮ ಕೆಲವರಲ್ಲಿ ದಿನಗಳು, ವಾರಗಳು ಕಳೆದ ಮೇಲೂ ನೆನಪು, ಏಕಾಗ್ರತೆ, ಮನಸ್ಸಿನ ಸ್ಥಿತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವರು ಕ್ರಮೇಣ ಸುಧಾರಿಸಿಕೊಳ್ಳುತ್ತಾರೆ. ಆದರೆ ಮಗಳು ‘ನಿಲ್ಲುತ್ತಿಲ್ಲ’ ಎಂದಾಗ ಅದನ್ನು ಪರೀಕ್ಷೆಯ ಭಯವೆಂದು ತಳ್ಳಿಹಾಕಬೇಡಿ, ಓದಿನ ಸೋಮಾರಿತನವೆಂದಂತೂ ಬೇಡವೇ ಬೇಡ.

ಈಗ ನಿಮ್ಮ ವಿಷಯ. ನಿಮ್ಮ ಭಯ ಸುಳ್ಳಲ್ಲ. ಮಗಳು ಸಾವಿನ ಹತ್ತಿರ ಹೋಗಿ ಬಂದದ್ದನ್ನು ಕಣ್ಣಾರೆ ಕಂಡಿದ್ದೀರಿ. ಅದಾದ ಮೊದಲ ಕೆಲವು ವಾರ ನಿದ್ದೆ ಹಾರುವುದು, ಸಣ್ಣ ಸದ್ದಿಗೆ ಬೆಚ್ಚುವುದು, ಮತ್ತೆಮತ್ತೆ ಹೋಗಿ ನೋಡುವುದು ಸಹಜ. ನನಗೆ ಕಾಣುವ ತೊಂದರೆ ಬೇರೆ. ಆ ಭಯ ತಪ್ಪು ಜಾಗದಲ್ಲಿ ಕಾವಲು ನಿಂತಿದೆ. ಮನೆಯಲ್ಲಿ ಗೀಸರ್ ಇದ್ದಲ್ಲೇ ಇದೆ, ದಿನವೂ ಉರಿಯುತ್ತಿದೆ. ಕಾವಲು ಮಾತ್ರ ಮಗಳ ಮೇಲೆ. ಅವಳ ಸಿಟ್ಟಿನ ಮೂಲ ಇದೇ ಎಂದು ನನ್ನ ಊಹೆ. ಹದಿನೇಳರ ಹುಡುಗಿಗೆ ಚಿಲಕ ಹಾಕಿಕೊಳ್ಳುವ ಹಕ್ಕು ಸಣ್ಣದಲ್ಲ. ತನ್ನಲ್ಲೇ ಏನೋ ಊನವಿದೆ ಎಂದು ಮನೆಯವರು ಗುಸುಗುಸು ಮಾಡುವಾಗ ಅವಳಿಗೆ ಹೇಗಾಗಬೇಡ?

ಆದ್ದರಿಂದ ಮೊದಲು ಬಚ್ಚಲನ್ನು ಸರಿಮಾಡಿ. ಗ್ಯಾಸ್ ಗೀಸರೇ ಬೇಕೆಂದರೆ ಗೀಸರು, ಸಿಲಿಂಡರು ಎರಡನ್ನೂ ಹೊರಗೆ ಗಾಳಿಯಾಡುವ ಕಡೆ ಹಾಕಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಇಲ್ಲವೇ ಸೋಲಾರೋ ಕರೆಂಟಿನದೋ ಹಾಕಿಸಿ. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂಬ ಸಮಾಧಾನ ಸಾಲದು. ಅದಾದ ಮೇಲೆ ಮಗಳೊಂದಿಗೆ ಕೂತು ಮಾತಾಡಿ. ತಜ್ಞರನ್ನು ಕಾಣುವವರೆಗೆ ಕದ ಮುಚ್ಚಲಿ, ಚಿಲಕ ಬೇಡ, ನೀವು ಹೊರಗಿನಿಂದ ಒಂದೇ ಒಂದು ಸಲ ಕರೆಯಿರಿ, ಅವಳು ಓಗೊಡಲಿ. ಅವರು ಆಗಬಹುದೆಂದ ದಿನದಿಂದ ಚಿಲಕವೂ ಅವಳದೇ. ಕೆಲವು ದಿನ ನಿಮಗೆ ಕಷ್ಟವಾಗುತ್ತದೆ, ಎದೆ ಡವಗುಟ್ಟುತ್ತದೆ. ಅಡುಗೆಮನೆಗೆ ಹೋಗಿ ಕೈಗೊಂದು ಕೆಲಸ ಹಚ್ಚಿಕೊಳ್ಳಿ. ಅವಳು ತಲೆ ಒರೆಸಿಕೊಳ್ಳುತ್ತ ಹೊರಗೆ ಬರುವುದನ್ನು ದಿನದಿನವೂ ಕಂಡಂತೆ ಡವಡವ ತಾನಾಗಿ ತಗ್ಗುತ್ತದೆ. ಒಂದು ತಿಂಗಳಾದರೂ ನಿದ್ದೆ ಮರಳದಿದ್ದರೆ, ಆ ದೃಶ್ಯ ಕಣ್ಣಿಗೆ ಕಟ್ಟಿದಂತೆ ಮರುಕಳಿಸುತ್ತಿದ್ದರೆ, ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು.

ಕಿಟಕಿ ಮುಚ್ಚಲು ಹೇಳಿದ್ದು ನಾನೇ ಎಂಬ ಕೊರಗು ಪತ್ರದಲ್ಲಿ ಒಂದೇ ವಾಕ್ಯದಲ್ಲಿದೆ, ಆದರೆ ನಿಮ್ಮನ್ನು ರಾತ್ರಿ ಎಬ್ಬಿಸುತ್ತಿರುವುದು ಅದೇ ಇರಬೇಕು. ಆ ಚಳಿಯಲ್ಲಿ ಯಾವ ತಾಯಿಯೂ ಅದನ್ನೇ ಹೇಳುತ್ತಿದ್ದಳು. ಗೀಸರನ್ನು ಬಚ್ಚಲೊಳಗೆ ಕೂರಿಸಿದವರು ನೀವಲ್ಲ, ಅದರ ಅಪಾಯವನ್ನು ನಿಮಗೆ ಯಾರೂ ಹೇಳಿಯೂ ಇರಲಿಲ್ಲ. ಇದನ್ನು ನಿಮ್ಮ ಗಂಡನಿಗೂ ಓದಿಸಿ. ಚಿಲಕ ಮುರಿದು, ಒಳಗೇ ನಿಂತು ಉಪಚರಿಸುತ್ತ ಕೂರದೆ ಮಗಳನ್ನು ಹೊರಗಿನ ಗಾಳಿಗೆ ತಂದರಲ್ಲ, ಅವಳನ್ನು ಉಳಿಸಿದ್ದು ಅದು. ಅವರು ಎದ್ದುಹೋಗುವುದು ಉದಾಸೀನದಿಂದ ಎಂದು ನನಗನಿಸುವುದಿಲ್ಲ. ಅವಳನ್ನು ಆ ಸ್ಥಿತಿಯಲ್ಲಿ ಮೊದಲು ಕಂಡವರು ಅವರು. ‘ನೀವು ಅವತ್ತು ಒಳಗೆ ಹೋದಾಗ ಏನಾಯಿತು?’ ಎಂದು ಒಮ್ಮೆ ಮೆಲ್ಲಗೆ ಕೇಳಿ, ಆಮೇಲೆ ಅವರು ಮಾತಾಡುವವರೆಗೆ ಕಾಯಿರಿ.

ಅತ್ತೆಗೆ ಎರಡು ಮಾತು ತಿಳಿಸಿ. ಇದು ಮೂರ್ಛೆರೋಗ ಅಲ್ಲದಿರುವ ಸಾಧ್ಯತೆ ಬಹಳವಿದೆ. ಹೌದೆಂದೇ ಇಟ್ಟುಕೊಂಡರೂ ಬಹಳಷ್ಟು ಜನರಲ್ಲಿ ಅದು ಮಾತ್ರೆಯಿಂದ ಹತೋಟಿಗೆ ಬರುವ ಕಾಯಿಲೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವನ್ನು ಮದುವೆಗೆ ಅಡ್ಡಿ ಎಂದಿದ್ದ ಮಾತನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಮುಚ್ಚಿಡುವುದರಿಂದ ಹುಡುಗಿಗೆ ಒಳ್ಳೆಯದಾಗುವುದಿಲ್ಲ. ಚಿಕಿತ್ಸೆ ತಡವಾಗುತ್ತದೆ, ಅಷ್ಟೇ.

ಇನ್ನೊಂದು ಕೆಲಸ ಉಳಿದಿದೆ. ಆ ಹೋಂಸ್ಟೇಯವರಿಗೆ ಇವತ್ತೇ ಫೋನ್ ಮಾಡಿ. ಜಗಳವಾಡಬೇಕಿಲ್ಲ, ನಡೆದದ್ದನ್ನು ಹೇಳಿ, ಗೀಸರನ್ನು ಹೊರಗೆ ಹಾಕಿಸುವವರೆಗೆ ಹಚ್ಚಬೇಡಿ ಎನ್ನಿ. ಮಗಳು ತಾನೇ ಮಾತಾಡುತ್ತೇನೆ ಎಂದರೆ ಫೋನು ಅವಳ ಕೈಗೇ ಕೊಡಿ. ಸಂಕ್ರಾಂತಿಯ ರಜೆಗೆ ಆ ಕೋಣೆಗೆ ಇನ್ನೊಂದು ಕುಟುಂಬ ಬಂದಿಳಿಯುತ್ತದೆ.